ಉಬ್ಬಸವೂ ನಡಿಗೆಯೂ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ಮಾತು ನಡೆಯುವುದು ಸಹಜ. ಅಂತಹುದರಲ್ಲಿ ಇವರು ಕೆಮ್ಮು ದಮ್ಮುಗಳ ಸುದ್ದಿಯನ್ನೇಕೆ ತೆಗೆದರೆಂದು ತಮಗೆ ಅನಿಸಬಹುದು. ಆದರೆ ಊರಿನಿಂದ ಮುಂಬಯಿಗೆ ಕರೆತಂದ ವೃದ್ಧ ತಾಯಿತಂದೆಯರು ನಮ್ಮಲ್ಲಿ ಅನೇಕರ ಮನೆಯಲ್ಲಿದ್ದಾರೆ. ಅವರಲ್ಲಿ ಏದುಸಿರು ಬಿಡುವವರೂ ಉಂಟು. ಅವರ ವಿಷಯದಲ್ಲಿ ನಾವು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಇಲ್ಲಿ ನಿಂತಿದ್ದೇವೆ.

ನಮ್ಮ ತಾಯಿಯವರು ಧಾರವಾಡದ ಕಡೆಯ ಹಳ್ಳಿಯವರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ ನಲವತ್ತು ವರ್ಷ ಕುಳ್ಳುಕಟ್ಟಿಗೆಯ ಒಲೆಯ ಮುಂದೆ ಕುಳಿತು ಊದುಗೊಳವೆ ಊದಿದವರು. ಆ ಹೊಗೆಯೇ ಅವರ ಶ್ವಾಸನಾಳಗಳನ್ನು ಕಿರಿದು ಮಾಡಿತು. ಒಳಹೋದ ಗಾಳಿ ಪೂರ್ತಿಯಾಗಿ ಹೊರಬರಲಾರದೆ ಎದೆಯಲ್ಲಿಯೇ ಉಳಿಯುವ ಈ ಬೇನೆಯನ್ನು ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಇದರಿಂದ ತೀರಿಕೊಂಡವರು ಸುಮಾರು 35 ಲಕ್ಷ ಜನ.

ಅವರನ್ನು ಇಲ್ಲಿಗೆ ಕರೆತಂದು ನಾವು ಮಾಡಿದ್ದೇನು? "ಅವ್ವಾ, ನೀ ಏಳಬ್ಯಾಡ, ಕೂತಲ್ಲೇ ಕೂಡು" ಎಂದೆವು. ನೀರಿನ ತಂಬಿಗೆಯೂ ಊಟದ ತಾಟೂ ಮಂಚಕ್ಕೇ ಬಂದವು. ಹಿತ್ತಲು, ಬಾವಿಕಟ್ಟೆ, ನೆರೆಮನೆಗಳಲ್ಲಿ ತಿರುಗಾಡಿದ ಜೀವ ನಾಲ್ಕನೆಯ ಅಂತಸ್ತಿನಲ್ಲಿ ಕಿಟಕಿ ನೋಡುತ್ತ ಕುಳಿತಿತು. ಆರು ತಿಂಗಳೊಳಗೆ ಬಚ್ಚಲಿಗೆ ಹೋಗಿಬರುವುದಕ್ಕೂ ದಮ್ಮು. ರೋಗ ಬಲಿಯಿತೆಂದು ಬಗೆದು ನಾವು ಇನ್ನಷ್ಟು ಕೂಡಿಸಿದೆವು. ಕೊನೆಗೆ ಅವರೇ ಕೇಳಿದರು: "ನನ್ನ ಹಿಂಗ ಯಾಕ ಕೂಡಿಸಿ ಇಟ್ಟೀರಪಾ? ಕೈಕಾಲು ನಡಿಯೂದ ಮರತಾವು."

ವೈದ್ಯರೂ ಅದನ್ನೇ ಬಿಡಿಸಿ ಹೇಳಿದರು. ದಮ್ಮು ಬರುವುದೆಂದು ಅಂಜಿ ಕುಳಿತರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಬೇಗನೆ ದಣಿದು ಹೆಚ್ಚು ಉಸಿರನ್ನು ಬೇಡುತ್ತದೆ. ಉಸಿರು ಸಾಲದೆ ಮತ್ತೆ ಕುಳಿತುಕೊಳ್ಳುವುದು. ಹೀಗೆ ಗಾಣದ ಎತ್ತಿನಂತೆ ಒಂದೇ ಸುತ್ತು. ಬೆಲ್ಜಿಯಮ್ ದೇಶದಲ್ಲಿ ಅಳೆದು 2005ರಲ್ಲಿ ಪ್ರಕಟಿಸಿದಂತೆ, ಈ ರೋಗಿಗಳು ಹಗಲಿನಲ್ಲಿ ನಡೆದುದು ಸರಾಸರಿ 44 ನಿಮಿಷ. ಅದೇ ವಯಸ್ಸಿನ ಆರೋಗ್ಯವಂತರು 81 ನಿಮಿಷ.

ಹಿಂದೆ ವೈದ್ಯರೂ ಇಂತಹವರಿಗೆ ವಿಶ್ರಾಂತಿಯನ್ನೇ ವಿಧಿಸುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದ ಡಾ. ಆಲ್ವನ್ ಬ್ಯಾರಕ್, ಅನಂತರ ಡೆನ್ವರ್ ನಗರದ ಡಾ. ಥಾಮಸ್ ಪೆಟಿ ಮೊದಲಾದವರು ರೋಗಿಗಳನ್ನು ನಡೆಸಿ ನೋಡಿ ಆ ಪದ್ಧತಿಯನ್ನು ಬದಲಿಸಿದರು. ವ್ಯಾಯಾಮದಿಂದ ಕೆಟ್ಟ ಶ್ವಾಸಕೋಶ ಸರಿಹೋಗದು, ನಿಜ. ಆದರೆ ಕಾಲು ಗಟ್ಟಿಯಾದರೆ ಇದ್ದ ಉಸಿರಿನಲ್ಲಿಯೇ ಹೆಚ್ಚು ದೂರ ಸಾಗಬಹುದು.

ನಮ್ಮ ತಾಯಿಯವರನ್ನು ಆಸ್ಪತ್ರೆಯಲ್ಲಿ ಮೊದಲು ಆರು ನಿಮಿಷ ನಡೆಸಿ, ನಡೆದ ದೂರವನ್ನೂ ರಕ್ತದ ಆಮ್ಲಜನಕವನ್ನೂ ಅಳೆದರು. ಆಮೇಲೆ ಮನೆಯ ಮುಂದಿನ ಓಣಿಯಂತಹ ಪಡಸಾಲೆಯಲ್ಲಿ ಐದು ನಿಮಿಷದಿಂದ ಆರಂಭಿಸಿದೆವು. ಮೂಗಿನಿಂದ ಉಸಿರೆಳೆದು, ಬಿಸಿ ಹಾಲನ್ನು ಆರಿಸುವಂತೆ ತುಟಿ ಕಿರಿದು ಮಾಡಿ ಮೆಲ್ಲಗೆ ಬಿಡುವುದು. ಎಳೆದುದಕ್ಕಿಂತ ಬಿಡುವುದು ಇಮ್ಮಡಿ ಹೊತ್ತು. ಒಲೆ ಊದಿದ ಬಾಯಿಗೆ ಈ ಪಾಠ ಬೇಗ ಹತ್ತಿತು! ದಮ್ಮು ಬಂದರೆ ನಿಲ್ಲುವುದು, ಇಳಿದ ಮೇಲೆ ಮತ್ತೆ ನಡೆಯುವುದು. ನಡುನಡುವೆ ಸೊಪ್ಪು ಸೋಸುವುದು, ಬಟ್ಟೆ ಮಡಿಚಿಡುವುದು, ಏನಾದರೊಂದು ನೆವದಿಂದ ಎದ್ದು ಓಡಾಡುವುದು.

ಎಚ್ಚರಿಕೆಯೂ ಬೇಕು. ವೈದ್ಯರನ್ನು ಕೇಳದೆ ಆರಂಭಿಸಬಾರದು. ಕೊಟ್ಟ ಔಷಧಿಯನ್ನು ಬಿಡಬಾರದು. ಎದೆನೋವು ಬಂದರೆ, ತಲೆ ತಿರುಗಿದರೆ, ತುಟಿ ನೀಲಿಗಟ್ಟಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಹೊಗೆ ಮುಸುಕಿದ ದಿನ ಮನೆಯೊಳಗೇ ನಡೆಯಬೇಕು. ಬೀಡಿ ಸಿಗರೇಟು ಸೇದುವವರು ಅದನ್ನು ಬಿಡುವುದೇ ಮೊದಲ ಮದ್ದು.

ಬಂಧುಗಳೆ, ಹಿರಿಯರ ಕೈಯಿಂದ ಕೆಲಸ ಕಸಿದುಕೊಳ್ಳುವುದೇ ಸೇವೆಯೆಂದು ನಾವು ತಿಳಿದಿದ್ದೆವು. ಅವರ ಹೆಜ್ಜೆಗೆ ನಮ್ಮ ಹೆಜ್ಜೆಯನ್ನು ನಿಧಾನಗೊಳಿಸಿ ಜೊತೆಗೆ ನಡೆಯುವುದೇ ಸೇವೆಯೆಂದು ಈಗ ಬಲ್ಲೆವು. ದಿನಕ್ಕೆ ಅರ್ಧ ಗಂಟೆಯ ಬಿಡುವನ್ನು ಅದಕ್ಕಾಗಿ ತಾವೂ ಮಾಡಿಕೊಳ್ಳಬೇಕೆಂದು ಬೇಡುತ್ತೇವೆ. ನಮ್ಮ ತಾಯಿಯವರು ಈ ಸಭೆಯ ಮೊದಲ ಸಾಲಿನಲ್ಲಿಯೇ ಕುಳಿತಿದ್ದಾರೆ. ರಸ್ತೆಯ ತಿರುವಿನಿಂದ ಇಲ್ಲಿಯವರೆಗೆ, ಮೂರು ಕಡೆ ನಿಂತು, ನಡೆದೇ ಬಂದರು.