ಕಂಪ್ಯೂಟರಿನ ಗಡಿಯಾರ ಯಾಕೆ ತಪ್ಪುತ್ತದೆ?

(ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಸಿರುಗುಪ್ಪದ ಅಕ್ಕಿ ಗಿರಣಿಯಿಂದಾಗಲಿ, ಕುರುಗೋಡಿನ ಗೊಬ್ಬರದಂಗಡಿಯಿಂದಾಗಲಿ ಪದೇ ಪದೇ ಬರುವ ದೂರು ಒಂದೇ: "ಕಂಪ್ಯೂಟರಿನಲ್ಲಿ ತಾರೀಖು ಸರಿಯಿಲ್ಲ."

ಇದು ಸಣ್ಣ ವಿಷಯವಲ್ಲ. ತಾರೀಖು ತಪ್ಪಿದ ಬಿಲ್ಲು ಲೆಕ್ಕಕ್ಕೆ ಕೂಡುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಕುಳಿತ ಹುಡುಗಿಗೆ ಜಾಲತಾಣವೇ ತೆರೆಯುವುದಿಲ್ಲ. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ. ಸುರಕ್ಷಿತ ಜಾಲತಾಣಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಪ್ರಮಾಣಪತ್ರ ಇರುತ್ತದೆ. ಕಂಪ್ಯೂಟರು ಈಗ 2009 ಎಂದು ತಿಳಿದಿದ್ದರೆ, ಅದರ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ!

ಇಂಥ ಯಂತ್ರ ಹೊತ್ತುಕೊಂಡು ಬಂದವರಿಗೆ "ಮದರ್‌ಬೋರ್ಡ್ ಹೋಗಿದೆ" ಎಂದು ಹೇಳಿ ಸಾವಿರಾರು ರೂಪಾಯಿ ಕೇಳಿದ್ದನ್ನು ನೋಡಿದ್ದೇನೆ. ಅದಕ್ಕೇ ಗುಟ್ಟನ್ನು ಇಲ್ಲಿ ಬಿಚ್ಚಿಡುತ್ತೇನೆ. ಗಡಿಯಾರ ಎಷ್ಟು ತಪ್ಪಿದೆ ಎಂದು ನೋಡಿದರೆ ಯಾಕೆ ತಪ್ಪಿದೆ ಎಂಬುದು ತಿಳಿಯುತ್ತದೆ.

ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಯಂತ್ರ ಕೆಟ್ಟಿಲ್ಲ. ಅದು ಗ್ರೀನ್‌ವಿಚ್ ವೇಳೆಯಲ್ಲಿದೆ. ಸೆಟ್ಟಿಂಗ್ಸ್‌ಗೆ ಹೋಗಿ, ಟೈಮ್ ಝೋನ್ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿರುವುದನ್ನು ಆರಿಸಿ. ನಮ್ಮ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, 1906ರಿಂದ ಜಾರಿಯಲ್ಲಿದೆ. ಬಳ್ಳಾರಿ ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ನಮ್ಮ ನೆತ್ತಿಯ ಮಧ್ಯಾಹ್ನ ಸರಾಸರಿ 22 ನಿಮಿಷ ತಡ. ಆದರೂ ದೇಶವೆಲ್ಲ ಒಪ್ಪಿದ ಹೊತ್ತನ್ನೇ ನಾವೂ ನಡೆಸುತ್ತೇವೆ. ಕಂಪ್ಯೂಟರಿಗೂ ಅದೇ ನಿಯಮ.

ಕೆಲವೇ ನಿಮಿಷ ತಪ್ಪಿದ್ದರೆ ಅದು ಹರಳಿನ ಗುಣ. ಒಳಗೆ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವೊಂದಿದೆ. ದಿನಕ್ಕೆ ಒಂದೆರಡು ಸೆಕೆಂಡು ಅತ್ತಿತ್ತ ಆಗುವುದು ಸಹಜ. ನಮ್ಮ ಬೇಸಿಗೆಯಂಥ ಬಿಸಿಗೆ ಇನ್ನಷ್ಟು ನಿಧಾನವಾಗುತ್ತದೆ. ಇಂಟರ್ನೆಟ್ ಇದ್ದಾಗ ವೇಳೆ ತಾನೇ ಹೊಂದಿಸಿಕೊಳ್ಳುವ ಆಯ್ಕೆಯನ್ನು ಆನ್ ಮಾಡಿ, ಸಾಕು.

ಕರೆಂಟ್ ಹೋಗಿ ಬಂದಾಗಲೆಲ್ಲ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿದ್ದರೆ ಸೆಲ್ ಮುಗಿದಿದೆ. ಯಂತ್ರಕ್ಕೆ ವಿದ್ಯುತ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ 3 ವೋಲ್ಟಿನ ಸೆಲ್. ಸಾಮಾನ್ಯವಾಗಿ ಸಿಆರ್ 2032. ಮಸಾಲೆ ದೋಸೆಯ ಬೆಲೆಗೆ ಸಿಗುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ, ತಾರೀಖು ಹಾಕಿ. ಹಳೆಯ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಗಂಟಲನ್ನು ಸುಟ್ಟು ಜೀವಕ್ಕೇ ಅಪಾಯ. ಹೊಸ ಸೆಲ್ ಹಾಕಿದ ಮೇಲೂ ತಾರೀಖು ನಿಲ್ಲದಿದ್ದರೆ ಮಾತ್ರ ಬೋರ್ಡನ್ನು ಪರೀಕ್ಷಿಸಬೇಕು.

ಶಿಕ್ಷಕರಲ್ಲಿ ಒಂದು ಕೋರಿಕೆ. ಬೇಸಿಗೆ ರಜೆಯಿಡೀ ಮೇನ್ ಸ್ವಿಚ್ ಆರಿಸಿದ ಲ್ಯಾಬಿನಲ್ಲಿ ಗಡಿಯಾರದ ಭಾರವೆಲ್ಲ ಆ ಸೆಲ್ಲಿನ ಮೇಲೇ. ಶಾಲೆ ತೆರೆದ ಮೊದಲ ದಿನ ಮಕ್ಕಳಿಂದಲೇ ಪ್ರತಿ ಕಂಪ್ಯೂಟರಿನ ತಾರೀಖು ನೋಡಿಸಿ, ತಪ್ಪಿದ್ದರೆ ಕಾರಣ ಕೇಳಿ. ಅದೇ ವರ್ಷದ ಮೊದಲ ಕಂಪ್ಯೂಟರ್ ಪಾಠವಾಗಲಿ.