ಕಾಲೇಜಿನ ಫಿರ್ಯಾದು, ಕೆಲಸಗಾರನ ಕಣ್ಣಲ್ಲಿ

(ಅಹಮದಾಬಾದಿನಲ್ಲಿ ಕೂಡಿದ ನಮ್ಮ ಸಂಘದ ಸಭೆಯಲ್ಲಿ ಸಂಘಟಕರೊಬ್ಬರು ಮಾಡಿದ ಭಾಷಣ. ವಡೋದರ ಮತ್ತು ಸೂರತ್‌ನ ಸದಸ್ಯರೂ ಕುಟುಂಬ ಸಮೇತರಾಗಿ ಬಂದಿದ್ದರು.)



ನಾನು ಕಲಿತದ್ದು ಏಳನೆಯ ಇಯತ್ತೆ. ವಿಶ್ವವಿದ್ಯಾನಿಲಯದ ಒಳಗೆ ನಾನು ಹೋದದ್ದು ಒಂದೇ ರೀತಿಯಲ್ಲಿ, ಸಮಾರಂಭದ ದಿನ ಇಡ್ಲಿಯ ಪಾತ್ರೆ ಹೊತ್ತುಕೊಂಡು. ಅಂಥವನು ವಿಶ್ವವಿದ್ಯಾನಿಲಯದ ವಿಚಾರ ಮಾತಾಡುವುದೇ ಎಂದು ಕೆಲವರು ನಗಬಹುದು. ನಗಲಿ. ಆದರೆ ನಮ್ಮಲ್ಲಿ ಮಾಣಿಯ ಮಗಳು ಇಂದು ವಡೋದರದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಾಳೆ, ಡೈಯಿಂಗ್ ಗಿರಣಿಯವನ ಮಗಳು ಸೂರತ್‌ನ ವೀರ ನರ್ಮದ ವಿಶ್ವವಿದ್ಯಾನಿಲಯಕ್ಕೆ ಬಸ್ಸು ಹಿಡಿಯುತ್ತಾಳೆ. ಅಪ್ಪ ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ ಕೂಡಿಸಿದ ಹಣ ಅದರ ಹಿಂದೆ ಇದೆ. ಆ ಮಗಳಿಗೆ ಕಾಲೇಜಿನೊಳಗೆ ಒಬ್ಬ ಮೇಷ್ಟರಿಂದಲೋ ಜತೆಯ ಹುಡುಗನಿಂದಲೋ ಅನ್ಯಾಯವಾದರೆ ಏನಾಗುತ್ತದೆ ಎಂಬುದು ನಮ್ಮ ಸಂಘದ ವಿಷಯವಲ್ಲದೆ ಇನ್ನಾರ ವಿಷಯ?

ನಮ್ಮಲ್ಲಿ ಏನಾಗುತ್ತದೆ ಎಂಬುದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹುಡುಗಿ ಅಳುತ್ತ ಬಂದು ಹೇಳಿದರೆ ಕಾಲೇಜು ಬಿಡಿಸುತ್ತೇವೆ. ಊರಿಗೆ ಕಳಿಸುತ್ತೇವೆ. ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲ ಎಂದು ನೆರೆಯವರಿಗೆ ಹೇಳುತ್ತೇವೆ. ಆರು ತಿಂಗಳಲ್ಲಿ ಮದುವೆ. ತಪ್ಪು ಮಾಡಿದವನು ಅದೇ ಕಾಲೇಜಿನಲ್ಲಿ ಪರೀಕ್ಷೆ ಪಾಸಾಗುತ್ತಾನೆ. ಶಿಕ್ಷೆ ಮಾತ್ರ ಅನ್ಯಾಯಕ್ಕೆ ಒಳಗಾದವಳಿಗೆ, ಅದನ್ನು ವಿಧಿಸುವವರೂ ನಾವೇ. ಕಾಲೇಜಿನವರಿಗೆ ಇದಕ್ಕಿಂತ ಅನುಕೂಲವಾದದ್ದು ಬೇರೇನಿದೆ? ಅವರು ಒಂದು ಕಾಗದವನ್ನೂ ಬರೆಯಬೇಕಾಗಿಲ್ಲ.

ನಮ್ಮ ಗುಜರಾತಿನಲ್ಲೇ ನಡೆದ ಎರಡು ಸಂಗತಿಗಳನ್ನು ಹೇಳುತ್ತೇನೆ. ಮೊದಲನೆಯದು ಪಾಟಣದ್ದು. ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯರನ್ನು ತಯಾರು ಮಾಡುವ ಸರಕಾರಿ ಪಿ.ಟಿ.ಸಿ. ಕಾಲೇಜಿನಲ್ಲಿ, ಪಾಠ ಹೇಳುವ ಶಿಕ್ಷಕರೇ ಒಬ್ಬ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ಮಾಡಿದ ಸಂಗತಿ 2008ರಲ್ಲಿ ಹೊರಗೆ ಬಂತು. ಅವರ ಕೈಯಲ್ಲಿದ್ದ ಆಯುಧ ಕತ್ತಿಯಲ್ಲ, ಕೋಲಲ್ಲ. ಕಾಲೇಜಿನವರೇ ಕೊಡುವ ಆಂತರಿಕ ಅಂಕಗಳು. ಬಾಯಿ ಬಿಟ್ಟರೆ ಫೇಲು. ಧಣಿ ಹಾಜರಿ ಪುಸ್ತಕವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತರೆ ಆಳಿನ ಬಾಯಿ ಹೇಗೆ ಕಟ್ಟುತ್ತದೆಂದು ನಿಮಗೆ ನಾನು ವಿವರಿಸಬೇಕೆ? ಆ ಹುಡುಗಿ ಬಾಯಿ ಬಿಟ್ಟಳು. 2009ರಲ್ಲಿ ನ್ಯಾಯಾಲಯ ಆರು ಮಂದಿ ಶಿಕ್ಷಕರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಎರಡನೆಯದು ಇನ್ನೂ ಹತ್ತಿರದ್ದು, ಗಾಂಧಿನಗರದ ಗುಜರಾತ್ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯದ್ದು. ನಾಳಿನ ವಕೀಲರನ್ನೂ ನ್ಯಾಯಾಧೀಶರನ್ನೂ ತಯಾರು ಮಾಡುವ ಮನೆ ಅದು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿಯ ವಿದ್ಯಾರ್ಥಿಗಳ ಅಳಲು, ಒಂದು ಅತ್ಯಾಚಾರದ ಮಾತು, ಸಲಿಂಗಿಯಾದ ಒಬ್ಬ ವಿದ್ಯಾರ್ಥಿಗೆ ಕೊಟ್ಟ ಕಿರುಕುಳದ ಮಾತು, ಮೊದಲು ಮೊಬೈಲಿನ ಜಾಲದಲ್ಲಿಯೂ ಆಮೇಲೆ ಪತ್ರಿಕೆಯಲ್ಲಿಯೂ ಬಂತು. ಗುಜರಾತ್ ಹೈಕೋರ್ಟು ಯಾರ ಅರ್ಜಿಗೂ ಕಾಯದೆ ತಾನಾಗಿ ಕೈಗೆತ್ತಿಕೊಂಡಿತು. ಅಲ್ಲಿ ಏನೂ ನಡೆದಿಲ್ಲ, ಪ್ರಕರಣ ಮುಗಿಸಿಬಿಡಿ ಎಂಬ ಧಾಟಿಯಲ್ಲಿ ವಿಶ್ವವಿದ್ಯಾನಿಲಯದ ಕಡೆಯಿಂದ ಹೇಳಿಕೆ ಹೋಯಿತು. ಆಮೇಲೆ ಸತ್ಯಶೋಧನೆಗೆ ನೇಮಿಸಿದ ಸಮಿತಿಯ ವರದಿ 2024ರ ಫೆಬ್ರವರಿಯಲ್ಲಿ ಕೋರ್ಟಿನ ಮುಂದೆ ಬಂದಾಗ ಅದನ್ನು ಓದಿದ ನ್ಯಾಯಮೂರ್ತಿಗಳು ಈ ವರದಿ ಭಯ ಹುಟ್ಟಿಸುವಂತಿದೆ ಎಂದು ತೆರೆದ ಕೋರ್ಟಿನಲ್ಲೇ ನುಡಿದರು. ಮಾನಭಂಗ, ಅತ್ಯಾಚಾರ, ಭೇದಭಾವ, ಬಾಯಿ ಮುಚ್ಚಿಸುವುದು ಎಲ್ಲವೂ ಅದರಲ್ಲಿ ಇದ್ದುವು. ಅದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಬೇರೆ. ಫಿರ್ಯಾದು ಕೇಳುವ ಸಮಿತಿಯೇ ಸರಿಯಾಗಿ ಇರಲಿಲ್ಲ. ಅಂಥ ಸಮಿತಿ ಒಂದು ಇರಬೇಕೆಂಬುದು ವಿದ್ಯಾರ್ಥಿಗಳಿಗೆ ತಿಳಿದೂ ಇರಲಿಲ್ಲ. ಕಾನೂನು ಓದುವ ಮಕ್ಕಳಿಗೇ ತಿಳಿಯದಿದ್ದರೆ ನಮ್ಮ ಮಕ್ಕಳ ಪಾಡೇನು?

ಈ ಸಮಿತಿಯ ಹಿಂದೆ ಒಂದು ಕತೆ ಇದೆ, ಅದು ಕೆಲಸಗಾರರ ಕತೆ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಎಂಬಾಕೆ ಸರಕಾರದ ಮಹಿಳಾ ಯೋಜನೆಯಲ್ಲಿ ಪುಡಿಗಾಸಿಗೆ ದುಡಿಯುತ್ತಿದ್ದಳು. ಬಾಲ್ಯವಿವಾಹ ತಡೆಯಲು ಹೋದಳೆಂಬ ಸಿಟ್ಟಿಗೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಕೆಳಗಿನ ಕೋರ್ಟು 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಹೆಂಗಸರ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದುವು. 1997ರಲ್ಲಿ ವಿಶಾಖಾ ತೀರ್ಪು ಬಂತು, ಕೆಲಸದ ಜಾಗಗಳಲ್ಲಿ ಫಿರ್ಯಾದಿನ ಸಮಿತಿ ಇರಲೇಬೇಕು ಎಂದು. 2013ರಲ್ಲಿ ಅದು ಕಾಯಿದೆಯಾಯಿತು. ಕಾಲೇಜು, ವಿಶ್ವವಿದ್ಯಾನಿಲಯಗಳಿಗೆಂದು ಯು.ಜಿ.ಸಿ.ಯವರು 2015ರ ನಿಯಮಾವಳಿ ಮಾಡಿದರು. ಅದು ಗೆಜೆಟ್ಟಿನಲ್ಲಿ ಬಂದದ್ದು 2016ರಲ್ಲಿ. ಬರಿಗಾಲಿನ ಒಬ್ಬ ಕೆಲಸಗಾರ್ತಿಯ ಕಣ್ಣೀರಿನಿಂದ ಎದ್ದ ಗೋಡೆ ಇಂದು ಪದವಿ ಓದುವವರನ್ನು ಕಾಯುತ್ತಿದೆ. ಇದನ್ನು ಹೇಳುವಾಗ ನನಗೆ ಎದೆ ಉಬ್ಬುತ್ತದೆ, ಜತೆಗೆ ಆಕೆಗೇ ನ್ಯಾಯ ಸಿಗಲಿಲ್ಲವಲ್ಲ ಎಂದು ಸಂಕಟವೂ ಆಗುತ್ತದೆ.

ಸಮಿತಿಯಲ್ಲಿ ಯಾರಿರಬೇಕು? ಹಿರಿಯ ಅಧ್ಯಾಪಕಿಯೊಬ್ಬರು ಅಧ್ಯಕ್ಷೆ. ಇಬ್ಬರು ಅಧ್ಯಾಪಕರು, ಇಬ್ಬರು ಕಚೇರಿ ನೌಕರರು, ಹೊರಗಿನ ಸಂಸ್ಥೆಯ ಒಬ್ಬರು. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು. ಅರ್ಧದಷ್ಟಾದರೂ ಹೆಂಗಸರಿರಬೇಕು. ಇನ್ನು ಮುಖ್ಯವಾದ ಮಾತು: ಕುಲಪತಿ, ರಿಜಿಸ್ಟ್ರಾರ್, ಡೀನ್, ವಿಭಾಗದ ಮುಖ್ಯಸ್ಥ, ಇವರಾರೂ ಇದರಲ್ಲಿ ಕೂಡಬಾರದು. ಏಕೆ? ಸಂಸ್ಥೆಯ ಹೆಸರು ಕೆಡಬಾರದೆಂಬ ಚಿಂತೆ ಯಾರಿಗೆ ಎಲ್ಲರಿಗಿಂತ ಹೆಚ್ಚೋ ಅವರ ಕೈಗೆ ತಕ್ಕಡಿ ಕೊಡಬಾರದು, ಅಷ್ಟೆ. ಹೊಟೇಲಿನಲ್ಲಿ ವಿಚಾರಣೆ ನಡೆಸುವ ಮ್ಯಾನೇಜರನು ಧಣಿಯ ಭಾವಮೈದುನನಾಗಿದ್ದರೆ ಅದರ ಫಲ ನಮಗೆ ಮೊದಲೇ ಗೊತ್ತಿರುತ್ತದೆ.

ದಿಲ್ಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ 1999ರಿಂದ ಇಂಥ ಕೆಲಸಕ್ಕೆ ಒಂದು ಸಮಿತಿ ಇತ್ತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಓಟು ಹಾಕಿ ತಮ್ಮವರನ್ನು ಅದಕ್ಕೆ ಕಳಿಸುತ್ತಿದ್ದರು. 2017ರಲ್ಲಿ ಅಧಿಕಾರಿಗಳು ಅದನ್ನು ತೆಗೆದು, ನಿಯಮದ ಹೆಸರು ಹೇಳಿ ಬೇರೆ ಸಮಿತಿ ನೇಮಿಸಿದರು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಓಟಿನಿಂದ ಬಂದ ಕಾರ್ಮಿಕರ ಪ್ರತಿನಿಧಿಗೂ ಧಣಿ ಆರಿಸಿ ಕೂರಿಸಿದ ಪ್ರತಿನಿಧಿಗೂ ಇರುವ ಅಂತರ ಬಲ್ಲ ನಮಗೆ ಅವರ ಸಿಟ್ಟು ಅರ್ಥವಾಗದೆ ಇರದು.

ಈಗ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ನಮಗೆ ಗಂಡುಮಕ್ಕಳೂ ಇದ್ದಾರೆ. ಯಾರೋ ಸುಳ್ಳು ಹೇಳಿ ನಮ್ಮ ಹುಡುಗನ ಹೆಸರು ಕೆಡಿಸಿದರೆ? ನ್ಯಾಯವಾದ ಪ್ರಶ್ನೆ. ನಾನು ಮಾಣಿಯಾಗಿದ್ದ ಒಂದು ಹೊಟೇಲಿನಲ್ಲಿ ಗಲ್ಲೆಯಲ್ಲಿ ಇನ್ನೂರು ರೂಪಾಯಿ ಕಡಿಮೆ ಬಂತೆಂದು ಲೋಟ ತೊಳೆಯುವ ಹುಡುಗನೊಬ್ಬನನ್ನು ರಾತ್ರೋರಾತ್ರಿ ಬೀದಿಗೆ ಹಾಕಿದರು. ಮರುದಿನ ನೋಟು ಗಲ್ಲಾಪೆಟ್ಟಿಗೆಯ ಹಿಂದೆಯೇ ಸಿಕ್ಕಿತು; ಹುಡುಗ ಅಷ್ಟರಲ್ಲಿ ಊರ ರೈಲು ಹತ್ತಿಯಾಗಿತ್ತು. ಅಂದಿನಿಂದ ಆರೋಪವನ್ನು ಬರೆದು ಕೊಡಿ, ಅವನ ಮಾತನ್ನೂ ಕೇಳಿ ಎಂಬುದು ನನ್ನ ಬಾಯಿಪಾಠ. ಕಾಲೇಜಿಗೂ ಅದೇ ನಿಯಮ. ಆರೋಪಿಗೆ ಫಿರ್ಯಾದಿನ ಪ್ರತಿ ಕೊಡಬೇಕು, ಉತ್ತರಕ್ಕೆ ದಿನ ಕೊಡಬೇಕು, ಅವನ ಸಾಕ್ಷಿ ಕೇಳಬೇಕು.

ಆದರೆ ಆರೋಪಿಯ ಹಕ್ಕೆಂದರೆ ಹುಡುಗಿಯನ್ನು ಅವನ ಎದುರು ನಿಲ್ಲಿಸಿ ನಡುಗಿಸುವುದಲ್ಲ. ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನಲ್ಲಿ 1972ರ ಜೂನ್ ತಿಂಗಳ ಒಂದು ರಾತ್ರಿ ಕೆಲವು ಗಂಡುಹುಡುಗರು ಹುಡುಗಿಯರ ಹಾಸ್ಟೆಲಿನ ಆವರಣಕ್ಕೆ ಬತ್ತಲೆಯಾಗಿ ನುಗ್ಗಿದರು. 36 ಮಂದಿ ಹುಡುಗಿಯರು ಪ್ರಿನ್ಸಿಪಾಲರಿಗೆ ಗುಟ್ಟಾಗಿ ಬರೆದು ಕೊಟ್ಟರು. ಸಮಿತಿಯವರು ಹುಡುಗರ ಗೈರುಹಾಜರಿಯಲ್ಲಿ ಹುಡುಗಿಯರ ಮಾತು ಕೇಳಿ, ಬೇರೆಯವರ ಫೋಟೋಗಳ ನಡುವೆ ಆರೋಪಿಗಳ ಫೋಟೋ ಬೆರೆಸಿ ಗುರುತು ಹಿಡಿಸಿ, ಹುಡುಗರನ್ನು ಕರೆದು ಉತ್ತರವನ್ನೂ ಪಡೆದರು. ಎರಡು ವರ್ಷ ಕಾಲೇಜಿನಿಂದ ಹೊರಗೆ. ನಮ್ಮೆದುರು ಸಾಕ್ಷಿ ನುಡಿಸಲಿಲ್ಲವೆಂದು ಹುಡುಗರು ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋದರು. 1973ರಲ್ಲಿ ಅವರು ಸೋತರು. ಹುಡುಗಿಯರು ರಾತ್ರಿ ಮಲಗುವುದು ಅದೇ ಹಾಸ್ಟೆಲಿನಲ್ಲಿ, ಓಡಾಡುವುದು ಅದೇ ರಸ್ತೆಯಲ್ಲಿ ಎಂಬುದನ್ನು ಕೋರ್ಟು ಮರೆಯಲಿಲ್ಲ.

ಇದರ ಮಗ್ಗುಲಿಗೇ ಗೋವಾ ವಿಶ್ವವಿದ್ಯಾನಿಲಯದ ಪ್ರಕರಣವನ್ನು ಇಡಿ. ವಿಭಾಗದ ಮುಖ್ಯಸ್ಥರೊಬ್ಬರ ಮೇಲೆ 2009ರಲ್ಲಿ ವಿದ್ಯಾರ್ಥಿನಿಯರು ಫಿರ್ಯಾದು ಕೊಟ್ಟರು. ಸಮಿತಿ ಮೊದಮೊದಲು ನಿಧಾನ, ಕೊನೆಗೆ ಬಿರುಗಾಳಿ. ಆರೋಪಿಗೆ ಸಾಕಷ್ಟು ಅವಕಾಶ ಕೊಡದೆ ಮುಗಿಸಿಬಿಟ್ಟಿತು. ಕೆಲಸದಿಂದ ವಜಾ ಆಯಿತು. ಆದರೆ 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದು ಮಾಡಿ, ವಿಚಾರಣೆಯನ್ನು ಮತ್ತೆ ನಡೆಸಿ ಎಂದು ಹಿಂದಕ್ಕೆ ಕಳಿಸಿತು. ಹದಿನಾಲ್ಕು ವರ್ಷ! ಫಿರ್ಯಾದು ಕೊಟ್ಟ ಹುಡುಗಿಯರು ಅಷ್ಟರಲ್ಲಿ ಎಲ್ಲಿದ್ದರೋ. ಸಮಿತಿ ಕೆಲಸ ಕೆಡಿಸಿದರೆ ನಷ್ಟ ಇಬ್ಬರಿಗೂ. ಎಲ್ಲ ಕಡೆ ಸಮಿತಿಗಳಿವೆಯೇ ಎಂದು ತಪಾಸಣೆ ಮಾಡಿರೆಂದು ಕೂಡ ಕೋರ್ಟು ಅದೇ ತೀರ್ಪಿನಲ್ಲಿ ಸರಕಾರಗಳಿಗೆ ಆಜ್ಞೆ ಮಾಡಿತು.

ದಿನಗಳ ಲೆಕ್ಕವನ್ನು ಅಕ್ಕಂದಿರು ನೆನಪಿಡಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಫಿರ್ಯಾದು ಬರಹದಲ್ಲಿ ಹೋಗಬೇಕು; ಬಲವಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಹುಡುಗಿ ಬರೆಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಬಂಧುವೋ ಗೆಳತಿಯೋ ಬರೆಯಬಹುದು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ನಡುವೆ ಹುಡುಗಿಗೆ ರಜೆ ಬೇಕಾದರೆ ಹಾಜರಿ ಹೋಗದ ಹಾಗೆ ರಜೆ ಕೇಳಬಹುದು. ಆರೋಪಿ ಮೇಷ್ಟರಾಗಿದ್ದರೆ ಅವಳ ಉತ್ತರಪತ್ರಿಕೆ ಅವನ ಕೈಗೆ ಹೋಗದಂತೆ ತಡೆಯಬಹುದು. ಪಾಟಣದ ಹುಡುಗಿಯ ಕಾಲದಲ್ಲಿ ಈ ನಿಯಮಾವಳಿ ಇರಲಿಲ್ಲ. ದುಡ್ಡು ಕೊಟ್ಟು ರಾಜಿ ಮಾಡಿಸುವುದಕ್ಕೆ ಅವಕಾಶವಿಲ್ಲ. ಪ್ರಿನ್ಸಿಪಾಲರು ಚಹ ಕುಡಿಸಿ, 'ನಿಮ್ಮ ಮಗಳ ಭವಿಷ್ಯ ನೋಡಿಕೊಳ್ಳಿ' ಎಂದು ಮೆತ್ತಗೆ ಹೇಳಿದರೆ, ಚಹ ಕುಡಿಯಿರಿ, ಫಿರ್ಯಾದಿಗೆ ಮಾತ್ರ ಸಹಿ ಮತ್ತು ತಾರೀಖು ಇರುವ ರಸೀತಿ ತೆಗೆದುಕೊಂಡೇ ಏಳಿರಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಸಮಿತಿ ಎಂದರೆ ಪೋಲೀಸಿಗೆ ಬದಲಿ ಎಂದು ಕಾಲೇಜಿನವರು ಹೇಳಬಹುದು. ಅಲ್ಲ. ಸಮಿತಿಯ ಶಿಫಾರಸಿನ ಮೇಲೆ ಕಾಲೇಜಿನಿಂದ ತೆಗೆಯಬಹುದು, ಹಾಸ್ಟೆಲು ಬಿಡಿಸಬಹುದು, ಜೈಲಿಗೆ ಕಳಿಸಲಾರದು. ಅತ್ಯಾಚಾರವಾದರೆ ಯಾವ ಠಾಣೆಗೆ ಹೋದರೂ ಬರೆದುಕೊಳ್ಳಲೇಬೇಕು, ಹದ್ದಿನ ಮಾತು ಎತ್ತಬಾರದು. ಬರೆದುಕೊಳ್ಳದ ಪೋಲೀಸನಿಗೇ ಕಾಯಿದೆಯಲ್ಲಿ ಜೈಲು ಇದೆ. ಸರಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆ ಪುಕ್ಕಟೆ ಚಿಕಿತ್ಸೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅತ್ಯಾಚಾರ ಮಾಡಿದವನು ಅವಳ ಶಿಕ್ಷಕನೇ ಆಗಿದ್ದರೆ ಹತ್ತು ವರ್ಷಕ್ಕೆ ಕಡಿಮೆ ಶಿಕ್ಷೆ ಇಲ್ಲ. ಹುಡುಗಿಯ ಹೆಸರನ್ನು ಯಾರೂ ಅಚ್ಚು ಹಾಕುವಂತಿಲ್ಲ. ಹೆಸರು ಬೀದಿಗೆ ಬರುತ್ತದೆಂಬ ನಮ್ಮ ಹೆದರಿಕೆಗೆ ಕಾಯಿದೆ ಇಷ್ಟು ಮಟ್ಟಿಗೆ ಅಡ್ಡ ನಿಂತಿದೆ. ನಮ್ಮ ಚಾಳಿನ ನಾಲಿಗೆಗೆ ಅಡ್ಡ ನಿಲ್ಲುವವರು ನಾವೇ ಆಗಬೇಕು.

ಜೂನ್ ಬರುತ್ತದೆ, ಕಾಲೇಜಿನ ಭರ್ತಿ ಸುರುವಾಗುತ್ತದೆ. ಫೀಸು ಕಟ್ಟಲು ಹೋದವರು ಫಿರ್ಯಾದು ಸಮಿತಿಯ ಹೆಸರುಗಳೂ ಫೋನ್ ನಂಬರುಗಳೂ ಎಲ್ಲಿ ಹಾಕಿದ್ದೀರಿ ಎಂದು ಕೇಳಬೇಕು. ಗುಜರಾತಿಯಲ್ಲಿ ಕೇಳಲು ಬಾರದವರ ಜತೆ ಸಂಘದ ಒಬ್ಬರು ಬರುತ್ತಾರೆ. ಅಹಮದಾಬಾದಿಗೆ ನಾನು ಬರುತ್ತೇನೆ, ವಡೋದರ ಮತ್ತು ಸೂರತ್‌ಗೆ ಇಬ್ಬಿಬ್ಬರ ಹೆಸರನ್ನು ಈ ಸಭೆಯಲ್ಲಿಯೇ ಗೊತ್ತು ಮಾಡೋಣ, ಅವರಲ್ಲಿ ಒಬ್ಬರು ಹೆಂಗಸು ಆಗಿರಬೇಕು. ಹುಡುಗಿಯರಿಗೆ ಗಂಡಸರ ಹತ್ತಿರ ಬಾಯಿ ಬರುವುದಿಲ್ಲ. ಇನ್ನೊಂದು: ಹತ್ತು ಜನ ದುಡಿಯುವ ಜಾಗದಲ್ಲೂ ಇಂಥ ಸಮಿತಿ ಇರಬೇಕೆಂದು 2013ರ ಕಾಯಿದೆ ಹೇಳುತ್ತದೆ, ಇಲ್ಲದಿದ್ದರೆ ಮಾಲೀಕನಿಗೆ 50,000 ರೂಪಾಯಿ ವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸಮಿತಿಗೆ ಹೋಗಬಹುದು. ನಮ್ಮ ಹೊಟೇಲುಗಳಲ್ಲಿ ಪಾತ್ರೆ ತಿಕ್ಕುವ, ತರಕಾರಿ ಹೆಚ್ಚುವ ಹೆಂಗಸರು ಎಷ್ಟು ಮಂದಿ ಇದ್ದಾರೆ, ಅವರಿಗೆ ಸಮಿತಿ ಎಲ್ಲಿದೆ ಎಂದು ಪ್ರತಿಯೊಬ್ಬ ಸದಸ್ಯನೂ ತನ್ನ ಹೊಟೇಲಿನ ಲೆಕ್ಕ ಬರೆದು ಮುಂದಿನ ಸಭೆಗೆ ತರಬೇಕೆಂದು ಕೇಳಿಕೊಳ್ಳುತ್ತೇನೆ. ಕಾಗದ ಕಾರ್ಯದರ್ಶಿಗಳ ಮೇಜಿನ ಮೇಲೆ ಇದೆ.