ಅಡಿಕೆಯ ಅಣಬೆ ರೋಗ: ಮೊದಲು ಬುಡ ನೋಡಿ, ಆಮೇಲೆ ನೀರು ಬಿಡಿ

(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಬ್ಬದ ದಿವಸ ರೋಗದ ಮಾತು ಯಾಕಪ್ಪಾ ಅಂತ ನೀವು ಕೇಳಬಹುದು. ಭದ್ರಾ ನಾಲೆ ನಂಬಿ ಭತ್ತ ಬೆಳೆಯುತ್ತಿದ್ದ ನಮ್ಮ ಸೀಮೆಯ ಎಷ್ಟೋ ಗದ್ದೆಗಳು ಇವತ್ತು ಅಡಿಕೆ ತೋಟಗಳಾಗಿವೆ. ಭತ್ತ ಕೆಟ್ಟರೆ ಒಂದು ಬೆಳೆ ಹೋಯಿತು, ಅಷ್ಟೇ. ಅಡಿಕೆ ಮರ ಹೋದರೆ ವರ್ಷಗಟ್ಟಲೆ ಮಾಡಿದ ಆರೈಕೆಯೇ ಹೋಯಿತು.

ನಾವೇ ಮೋಸ ಹೋದದ್ದನ್ನು ಮೊದಲು ಹೇಳಿಬಿಡುತ್ತೇವೆ. ಒಂದು ಬೇಸಿಗೆಯಲ್ಲಿ ಒಂದು ಮರದ ಕೆಳಗಿನ ಸೋಗೆಗಳು ಹಳದಿಯಾಗಿ ಜೋತುಬಿದ್ದವು. ನೀರು ಸಾಲದು ಅಂದುಕೊಂಡು ಇನ್ನಷ್ಟು ನೀರು ಬಿಟ್ಟೆವು. ಮಳೆಗಾಲ ಮುಗಿಯುವ ಹೊತ್ತಿಗೆ ಬುಡದಲ್ಲಿ ಅಣಬೆ ಎದ್ದಿತ್ತು. ಮುಂದೆ ಅದೇ ಸಾಲಿನ ಮೂರು ಮರ ಹೋದವು.

ಇದು ಗ್ಯಾನೊಡರ್ಮಾ ಎಂಬ ಶಿಲೀಂಧ್ರದ ಕೆಲಸ. ಬೇರಿನಿಂದ ಒಳಹೊಕ್ಕು ಬುಡವನ್ನು ಕೊಳೆಸುತ್ತದೆ. ಬೇರು ಸತ್ತ ಮೇಲೆ ನೀರು ಮೇಲೇರುವುದಿಲ್ಲ. ಅದಕ್ಕೇ ಮರ ಬಾಯಾರಿದ ಹಾಗೆ ಕಾಣುತ್ತದೆ. ಬುಡದಲ್ಲಿ ಕಂದು ಕಲೆ, ಅಂಟಂಟಾದ ಕಂದು ರಸ ಕಂಡರೆ ಅನುಮಾನ ಪಡಿ. ಅಣಬೆ ಬರಲಿ ಅಂತ ಕಾಯಬೇಡಿ, ಅದು ಬರುವಷ್ಟರಲ್ಲಿ ಒಳಗೆಲ್ಲ ಮುಗಿದಿರುತ್ತದೆ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇಲ್ಲಿ ನಡೆಯುವುದಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಔಷಧ ಅದು. ಎಲೆ, ಕಾಯಿ ಕಾಯುತ್ತದೆ, ಬುಡದೊಳಗಿನದು ಅದಕ್ಕೆ ಸಿಗುವುದಿಲ್ಲ. ದ್ರಾಕ್ಷಿಯವರಿಗೂ ಕಾಂಡದೊಳಗಿನ ಶಿಲೀಂಧ್ರದ ಕಾಟ ತಪ್ಪಿಲ್ಲ ಬಿಡಿ. ಹಳೇ ಪುಸ್ತಕಗಳಲ್ಲಿ ಬೇರಿಗೆ ಟ್ರೈಡೆಮಾರ್ಫ್ ಕೊಡಿ ಅಂತ ಬರೆದಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದೆ. ಯಾರಾದರೂ ಕೊಟ್ಟರೂ ತರಬೇಡಿ. ಈಗ ಯಾವ ಔಷಧ, ಎಷ್ಟು ಅನ್ನುವುದನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿ.

ಗುದ್ದಲಿ ಕೆಲಸವೇ ಮುಖ್ಯ. ರೋಗದ ಮರದ ಸುತ್ತ 2 ಅಡಿ ಆಳ, 1 ಅಡಿ ಅಗಲದ ಅಗಳು ತೋಡಿ, ಬೇರಿಗೆ ಬೇರು ತಾಗದಂತೆ ಮಾಡಬೇಕು. ಸತ್ತ ಮರವನ್ನು ಬುಡ, ಬೇರು ಸಮೇತ ಕಿತ್ತು ಅಲ್ಲೇ ಸುಡಬೇಕು. ಬರೀ ಕಡಿದು ಮೋಟು ಬಿಟ್ಟರೆ ರೋಗವನ್ನು ಸಾಕಿದಂತೆ! ಉಳಿದ ಮರಗಳಿಗೆ ವರ್ಷಕ್ಕೆ ತಲಾ 2 ಕಿಲೋ ಬೇವಿನ ಹಿಂಡಿ ಹಾಕಿ, ಬಸಿಗಾಲುವೆ ತೆರೆದಿಡಿ. ಬದುವಿನ ಹೊಂಗೆ ಬೇರಿನಲ್ಲೂ ಇದೇ ಶಿಲೀಂಧ್ರ ಇರುತ್ತದೆ, ಅದರ ಮೇಲೂ ಕಣ್ಣಿರಲಿ.

ಕಷ್ಟ ಇರುವುದು ಬೇರೆ ಕಡೆ. ಗೊನೆ ಬಿಟ್ಟ ಮರಕ್ಕೆ ಕೊಡಲಿ ಹಾಕಲು ಯಾರಿಗೂ ಮನಸ್ಸು ಬರಲ್ಲ. ರೋಗ ಬಂದೈತೆ ಅಂತ ಪಕ್ಕದ ತೋಟದವರಿಗೆ ಹೇಳಲು ನಾಚಿಕೆ ಬೇರೆ. ನಮ್ಮ ತೋಟದ ನೀರು ಹರಿದು ಅವರ ತೋಟಕ್ಕೇ ಹೋಗುತ್ತದಲ್ಲ! ನಾವೂ ಆಗ ಬಾಯಿ ಬಿಡಲಿಲ್ಲ. ಅವರ ಬೇಲಿಯಂಚಿನ ಮರ ಒಣಗಿದ ಮೇಲೆ ಹೋಗಿ ಹೇಳಿದೆವು. ಅವರು ಏನೂ ಅನ್ನಲಿಲ್ಲ, ಗುದ್ದಲಿ ತಗೊಂಡು ಬಂದರು.

ಆಡಳಿತ ಮಂಡಳಿಯವರಲ್ಲಿ ಒಂದು ಕೋರಿಕೆ. ಬೇವಿನ ಹಿಂಡಿಯನ್ನು ಸಂಘದಿಂದಲೇ ಒಟ್ಟಿಗೆ ತರಿಸಿ, ಮಳೆಗಾಲಕ್ಕೆ ಮುಂಚೆ ಹಂಚಿರಿ. ರೋಗ ಬಂದ ತೋಟದ ಅಕ್ಕಪಕ್ಕದವರಿಗೆ ಮೊದಲು ಕೊಡಿ.